ಮಾಂಸ ಉಗುಳುವ ಮಗುವಿಗೆ ಕಬ್ಬಿಣ: ರಾಗಿಯೋ, ಹುರುಳಿಯೋ, ಸಿರಪ್ಪೋ?

ನಮ್ಮ ಕಿರಿಯವಳು ಮಾಂಸದ ತುಂಡನ್ನು ಬಾಯಿಯೊಳಗೆ ಈ ಕೆನ್ನೆಯಿಂದ ಆ ಕೆನ್ನೆಗೆ ಅರ್ಧ ಗಂಟೆ ಹೊರಳಿಸಿ, ಕೊನೆಗೆ ನನ್ನ ಅಂಗೈ ಹುಡುಕಿಕೊಂಡು ಬಂದು ಅದರಲ್ಲಿ ಉಗಿಯುತ್ತಿದ್ದಳು. ಭಾನುವಾರ ಕೋಳಿ ಸಾರು, ಹಬ್ಬದ ಮರುದಿನ ಮಟನ್ ಎನ್ನುವ ಹಾಸನದ ಕಡೆಯ ಮನೆ ನಮ್ಮದು. ಬಾಡು ತಿನ್ನದ ಮಗುವಿಗೆ ರಕ್ತ ಎಲ್ಲಿಂದ ಬರಬೇಕು ಎಂದು ಅತ್ತೆ ಪ್ರತಿ ಭಾನುವಾರ ಕೇಳುತ್ತಿದ್ದರು. ಇಪ್ಪತ್ತನೇ ತಿಂಗಳಿನಲ್ಲಿ ಯಾವುದೋ ಕೆಮ್ಮಿಗೆಂದು ಕರೆದುಕೊಂಡು ಹೋದಾಗ ವೈದ್ಯರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ 9.4 ಬಂತು. ಎರಡು ವರ್ಷ ತುಂಬದ ಮಗುವಿಗೆ 10.5ಕ್ಕಿಂತ, ಎರಡರಿಂದ ಐದು ವರ್ಷದವರೆಗೆ 11ಕ್ಕಿಂತ ಕೆಳಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ರಕ್ತಹೀನತೆ ಎಂದು ಕರೆಯುತ್ತದೆ. ಅತ್ತೆ ಗೆದ್ದ ಮುಖ ಮಾಡಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವರು.

ಆ ವಾರ ಸಲಹೆಗಳ ಸುರಿಮಳೆ. ಬೀಟ್‌ರೂಟ್ ಕೊಡಿ, ದಾಳಿಂಬೆ ಕೊಡಿ, ಖರ್ಜೂರ ನೆನೆಸಿ ಕೊಡಿ, ರಾಗಿ ಒಂದಿದ್ದರೆ ಸಾಕು, ಕಾಲು ಸೂಪ್ ಕುಡಿಸಿ. ಎಲ್ಲರೂ ಕೊಡುವುದನ್ನೇ ಹೇಳಿದರು. ಆದರೆ ಮಗುವಿನ ಹೊಟ್ಟೆ ಅದರ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಅಲ್ಲಿ ಒಂದಕ್ಕೆ ಜಾಗ ಕೊಟ್ಟರೆ ಇನ್ನೊಂದಕ್ಕೆ ಇಲ್ಲ. ಆದ್ದರಿಂದ ಆರಿಸಿಕೊಳ್ಳಲೇಬೇಕು.

ನಮ್ಮದೇನೂ ವಿಶೇಷ ಪ್ರಕರಣವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಮಾಂಸ ತಿನ್ನುವ ಮನೆ, ತಿನ್ನದ ಮನೆ ಎರಡೂ ಅದರಲ್ಲಿವೆ.

ಯಾವ ಅಳತೆಯಲ್ಲಿ ಹೋಲಿಸಬೇಕು

ಪೌಷ್ಟಿಕಾಂಶದ ಪಟ್ಟಿಗಳೆಲ್ಲ ನೂರು ಗ್ರಾಂ ಲೆಕ್ಕದಲ್ಲಿರುತ್ತವೆ. ನೂರು ಗ್ರಾಂ ಎಳ್ಳು ತಿನ್ನುವ ಮಗುವನ್ನು ನಾನು ನೋಡಿಲ್ಲ. ಹಾಗಾಗಿ ನಾನು ಎರಡು ಪ್ರಶ್ನೆ ಇಟ್ಟುಕೊಂಡೆ: ಮಗುವಿನ ಪುಟ್ಟ ಬಟ್ಟಲಲ್ಲಿ ಹಿಡಿಯುವಷ್ಟರಲ್ಲಿ ಎಷ್ಟು ಕಬ್ಬಿಣವಿದೆ? ಅದರಲ್ಲಿ ಎಷ್ಟು ಕರುಳಿನಿಂದ ರಕ್ತಕ್ಕೆ ದಾಟುತ್ತದೆ?

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದೆ. ತಿಂದದ್ದರಲ್ಲಿ ಬಹುಪಾಲು ಹೀರಿಕೆಯಾಗದೆ ಹೊರಗೆ ಹೋಗುತ್ತದೆ ಎಂಬುದನ್ನು ಆ ಅಂಕಿಯಲ್ಲಿ ಆಗಲೇ ಸೇರಿಸಿಕೊಂಡಿದ್ದಾರೆ. ಮಾಂಸದ ಕಬ್ಬಿಣ ಸುಲಭವಾಗಿ, ಸುಮಾರು ಕಾಲು ಭಾಗದಷ್ಟು, ಹೀರಿಕೆಯಾಗುತ್ತದೆ. ಕಾಳು, ಸೊಪ್ಪು, ಧಾನ್ಯಗಳದ್ದು ಹಟಮಾರಿ; ಜೊತೆಗೆ ಏನು ತಿನ್ನುತ್ತೇವೆ ಎಂಬುದರ ಮೇಲೆ ನೂರಕ್ಕೆ ಎರಡೋ, ಐದೋ, ಹತ್ತೋ ಭಾಗ ಒಳಗೆ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಮಗು ತಿನ್ನಬಹುದಾದ ಕೋಳಿಯ ತುಂಡು ಹೆಚ್ಚೆಂದರೆ 25 ಗ್ರಾಂ. ಅದರಲ್ಲಿರುವ ಕಬ್ಬಿಣ ಕಾಲು ಮಿಲಿಗ್ರಾಂನಷ್ಟು. ಅದರಲ್ಲಿ ಕಾಲು ಭಾಗ ದಾಟಿದರೆ 0.06 ಮಿಲಿಗ್ರಾಂ. ಒಂದು ಹಿಡಿ ಹುರುಳಿ, ಅಂದರೆ 15 ಗ್ರಾಂ ಒಣಕಾಳು, 1.3 ಮಿಲಿಗ್ರಾಂ ಕಬ್ಬಿಣ ಕೊಡುತ್ತದೆ. ನೂರಕ್ಕೆ ಐದೇ ಭಾಗ ದಾಟಿದರೂ ಅದೇ 0.06. ಅಂಗೈಯಲ್ಲಿ ಉಗಿಸಿಕೊಂಡ ಆ ತುಂಡುಗಳಿಗಾಗಿ ನಾನು ಪಟ್ಟ ಸಂಕಟವೆಲ್ಲ ಒಂದು ಹಿಡಿ ಹುರುಳಿಗೆ ಸಮ! ಮಟನ್ ಕೋಳಿಗಿಂತ ವಾಸಿ, ಸುಮಾರು ಎರಡು ಪಟ್ಟು. ನಿಜವಾಗಿ ದೊಡ್ಡ ಅಂತರ ಇರುವುದು ಲಿವರ್‌ನಲ್ಲಿ ಮಾತ್ರ. 20 ಗ್ರಾಂ ಕೋಳಿಯ ಲಿವರ್‌ನಲ್ಲಿ ಎರಡು ಮಿಲಿಗ್ರಾಂನಷ್ಟು ಸಿಗುತ್ತದೆ.

ಹಾಲು ಎಂಬ ಪ್ರತಿಪಕ್ಷ

ಯಾವುದನ್ನು ಕೊಡಬೇಕು ಎಂದು ಹೋಲಿಸುವ ಮೊದಲು ಯಾವುದನ್ನು ಕಡಿಮೆ ಮಾಡಬೇಕು ಎಂದು ನೋಡಬೇಕಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ ಎಂಬುದು. ಹೆಮ್ಮೆಯಿಂದಲೇ ಉತ್ತರಿಸಿದೆ: ನಾಲ್ಕು ಬಾಟಲಿ, ಹತ್ತಿರ ಹತ್ತಿರ ಒಂದು ಲೀಟರ್. ಊಟ ಮಾಡದಿದ್ದರೆ ಏನಂತೆ, ಹಾಲಾದರೂ ಕುಡಿಯುತ್ತಾಳಲ್ಲ ಎಂಬುದು ಮನೆಮಂದಿಯೆಲ್ಲರ ಸಮಾಧಾನವಾಗಿತ್ತು.

ಲೀಟರ್ ಹಸುವಿನ ಹಾಲಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಅದರ ಮೇಲೆ ಹಾಲಿನ ಕ್ಯಾಲ್ಸಿಯಂ ಮತ್ತು ಪ್ರೋಟೀನು ಬೇರೆ ಆಹಾರದ ಕಬ್ಬಿಣವನ್ನೂ ತಡೆಯುತ್ತವೆ. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಹಸಿವಿಗೆ: ಹಾಲು ತುಂಬಿದ ಹೊಟ್ಟೆ ಮುದ್ದೆಯ ಕಡೆ ಏಕೆ ನೋಡೀತು? ವಿಚಿತ್ರವೆಂದರೆ ಕಬ್ಬಿಣ ಕಡಿಮೆಯಾದ ಮಗುವಿಗೆ ಹಸಿವೂ ಕುಗ್ಗುತ್ತದೆ. ಹಸಿವಿಲ್ಲ ಎಂದು ನಾವು ಮತ್ತೆ ಹಾಲು ಕೊಡುತ್ತೇವೆ. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತು.

ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಹಾಲು ಸಾಕು. ನಾವು ಬಾಟಲಿ ಬಿಡಿಸಿ ಲೋಟಕ್ಕೆ ತಂದೆವು. ಬೆಳಿಗ್ಗೆ ಎದ್ದಾಗ ಒಂದು ಲೋಟ, ರಾತ್ರಿ ಊಟವಾಗಿ ಎಷ್ಟೋ ಹೊತ್ತಿನ ನಂತರ ಒಂದು ಲೋಟ. ಮೊದಲ ಆರು ದಿನ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಮಾವನವರು ಮಗುವಿನ ಪರವಾಗಿ ನನ್ನ ಮೇಲೆ ಮುನಿಸಿಕೊಂಡರು. ಎರಡನೇ ವಾರದ ಮಧ್ಯದಲ್ಲಿ ಒಂದು ಮಧ್ಯಾಹ್ನ ಅವಳಾಗಿಯೇ ನನ್ನ ತಟ್ಟೆಗೆ ಕೈ ಹಾಕಿ ಮುದ್ದೆ ಕಿತ್ತುಕೊಂಡಳು. ಈ ಬರಹದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರು ಇದನ್ನೇ ಪಾಲಿಸಿ. ಖರ್ಚಿಲ್ಲ, ಹಾಲಿನ ಲೆಕ್ಕದಲ್ಲಿ ಉಳಿತಾಯವೇ ಇದೆ.

ಇನ್ನೊಂದು ಸಣ್ಣ ಕಳ್ಳ ಇದ್ದಾನೆ: ಟೀ. ಅಜ್ಜನ ಲೋಟದಲ್ಲಿ ಅದ್ದಿದ ರಸ್ಕು ಮಗುವಿಗೂ ಇಷ್ಟ, ಅಜ್ಜನಿಗೂ ಇಷ್ಟ. ಟೀಯಲ್ಲಿನ ಟ್ಯಾನಿನ್ ಕಾಳು-ಸೊಪ್ಪಿನ ಕಬ್ಬಿಣವನ್ನು ಅರ್ಧಕ್ಕಿಂತ ಹೆಚ್ಚು ಕಟ್ಟಿಹಾಕಬಲ್ಲದು.

ರಾಗಿ: ನಮ್ಮ ನಂಬಿಕೆಯಷ್ಟು ದೊಡ್ಡದಲ್ಲ

ಈ ಮಾತನ್ನು ಹಾಸನದಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ರಾಗಿಯ ನಿಜವಾದ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ನೂರು ಗ್ರಾಂನಲ್ಲಿ 360 ಮಿಲಿಗ್ರಾಂಗೂ ಹೆಚ್ಚು. ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ, ಹೆಚ್ಚು ಕಡಿಮೆ ಗೋಧಿ ಹಿಟ್ಟಿನಷ್ಟೇ. ಬಿಳಿ ಅಕ್ಕಿಗೆ ಹೋಲಿಸಿದರೆ ಆರೇಳು ಪಟ್ಟು ಹೆಚ್ಚು, ಆ ಮಟ್ಟಿಗೆ ಅಕ್ಕಿ ಗಂಜಿಗಿಂತ ರಾಗಿ ಸರಿ, ಅಂದರೆ ಮಗುವಿನ ರಾಗಿ ಗಂಜಿ, ಖಂಡಿತ ಮೇಲು. ಆದರೆ ರಾಗಿಯ ಕೆಂಪು ಸಿಪ್ಪೆಯ ಫೈಟೇಟ್, ಟ್ಯಾನಿನ್‌ಗಳು ಆ ಕಬ್ಬಿಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 25 ಗ್ರಾಂ ಹಿಟ್ಟಿನ ಸರಿಯಲ್ಲಿ ಒಂದು ಮಿಲಿಗ್ರಾಂ ಚಿಲ್ಲರೆ ಇದೆ, ದಾಟುವುದು ಅದರಲ್ಲಿ ತೀರ ಅಲ್ಪ. ನಾವೋ ಅದನ್ನು ಹಾಲಿನಲ್ಲೇ ಕಾಯಿಸಿ ಆ ಅಲ್ಪಕ್ಕೂ ಬಾಗಿಲು ಹಾಕುತ್ತೇವೆ.

ಇದಕ್ಕೆ ಮದ್ದು ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುವ ಸರಿಹಿಟ್ಟು. ಮೊಳಕೆಯಲ್ಲಿ ಫೈಟೇಟ್ ಒಡೆಯುತ್ತದೆ, ಜರಡಿಯಲ್ಲಿ ಸಿಪ್ಪೆ ಹೋಗುತ್ತದೆ. ಕರಾವಳಿಯ ಕಡೆ ನೆನೆಸಿದ ರಾಗಿ ಅರೆದು, ಹಾಲು ಸೋಸಿ ಮಾಡುವ ಮಣ್ಣಿಯೂ ಸಿಪ್ಪೆ ಕಳೆಯುವ ಉಪಾಯವೇ. ಅಂಬಲಿಯ ಹುಳಿ ಬರಿಸುವಿಕೆಯೂ ಫೈಟೇಟ್ ಇಳಿಸುತ್ತದೆ. ಸರಿಯನ್ನು ನೀರಿನಲ್ಲಿ ಕಾಯಿಸಿ, ಜೊತೆಗೆ ಎರಡು ತುಂಡು ಪಪ್ಪಾಯಿ ಅಥವಾ ಬೀಜ ತೆಗೆದ ಮೆತ್ತನೆಯ ಸೀಬೆ ಕೊಟ್ಟರೆ ಕಬ್ಬಿಣದ ಲೆಕ್ಕದಲ್ಲಿ ಅದು ಹಾಲು ಹಾಕಿದ ಸರಿಗಿಂತ ಎಷ್ಟೋ ಮೇಲು. ತುಪ್ಪ ಹಾಕಿ, ಅಡ್ಡಿಯಿಲ್ಲ.

ಕಾಳುಗಳು: ನನ್ನ ಮೊದಲ ಆಯ್ಕೆ

ಅಡುಗೆಮನೆಯ ಡಬ್ಬಿಗಳಲ್ಲಿ ಹುರುಳಿಗೆ ಮೊದಲ ಸ್ಥಾನ. ನೂರು ಗ್ರಾಂನಲ್ಲಿ ಎಂಟು ಮಿಲಿಗ್ರಾಂ ಮೀರಿದ ಕಬ್ಬಿಣ. ಹೆಸರುಕಾಳಿನಲ್ಲಿ ಐದರ ಹತ್ತಿರ, ತೊಗರಿಬೇಳೆಯಲ್ಲಿ ನಾಲ್ಕರ ಹತ್ತಿರ, ಕಡಲೆ ಮತ್ತು ಮಸೂರದಲ್ಲಿ ಆರೇಳು. ಬೆಲೆಯಲ್ಲಿ ಹುರುಳಿ ಬಡವರ ಪಾಲಿನದು. ಉಷ್ಣ ಎಂದು ಮಕ್ಕಳಿಗೆ ಕೊಡಲು ಹೆದರುವವರಿದ್ದಾರೆ. ನಮ್ಮವಳಿಗೆ ವಾರಕ್ಕೆ ಮೂರು ದಿನ ಕೊಟ್ಟಾಗ ಮೊದಲೆರಡು ದಿನ ಹೊಟ್ಟೆ ಗುಡುಗುಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಆದರೆ ನಾವು ಕೊಡುವ ಕ್ರಮದಲ್ಲಿ ಒಂದು ಎಡವಟ್ಟಿದೆ. ಬಸ್ಸಾರು ಮಾಡಿದಾಗ ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಮಗುವಿನ ಅನ್ನಕ್ಕೆ ಬೀಳುವುದು ತಿಳಿಸಾರು. ಪಲ್ಯ ದೊಡ್ಡವರ ಪಾಲು. ಸತ್ತ್ವವೆಲ್ಲ ಕಟ್ಟಿನಲ್ಲೇ ಇಳಿದಿದೆ ಎಂಬುದು ನಮ್ಮ ನಂಬಿಕೆ. ಕಬ್ಬಿಣದ ಬಹುಪಾಲು ಕಾಳಿನೊಳಗೇ ಕುಳಿತಿರುತ್ತದೆ. ಕಾಲು ಸೂಪಿನ ಕಥೆಯೂ ಇದೇ: ಕುಡಿಯಲು ಹಿತ, ಕಬ್ಬಿಣ ಮಾತ್ರ ಚಮಚದ ತುದಿಯಷ್ಟು. ಆದ್ದರಿಂದ ಸಾರಿಗಿಂತ ಕಾಳು ಮಗುವಿನ ಬಾಯಿ ಸೇರಬೇಕು, ಇಡಿಯಾಗಿ ಅಲ್ಲ, ಕಿವುಚಿ. ಇಡೀ ಕಾಳು, ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಈ ವಯಸ್ಸಿನಲ್ಲಿ ಯಾವಾಗಲೂ ಇದೆ.

ನಾನು ಮೊಳಕೆ ಬರಿಸಿದ ಹುರುಳಿಯನ್ನು ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ, ನುಣ್ಣಗೆ ಅರೆದು, ಒಂದು ಟೊಮೆಟೊ ಹಾಕಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಅರ್ಧ ಚಮಚ ನಿಂಬೆರಸ ಹಿಂಡುತ್ತಿದ್ದೆ. ನಿಂಬೆಯನ್ನು ಕುದಿಯುವಾಗ ಹಾಕಿದರೆ ಅದರ ವಿಟಮಿನ್ ಸಿ ಬಹಳಷ್ಟು ಹಾಳು. ಹುಣಸೆಹಣ್ಣು ಇದಕ್ಕೆ ಬದಲಿಯಾಗುವುದಿಲ್ಲ. ಹುಳಿ ಇದೆ, ವಿಟಮಿನ್ ಸಿ ಹೆಸರಿಗಷ್ಟೇ. ನಿಂಬೆ, ಸೀಬೆ, ನೆಲ್ಲಿ, ಕಿತ್ತಳೆ, ಇವುಗಳಲ್ಲಿ ಒಂದು ಅದೇ ಊಟದಲ್ಲಿ ಇದ್ದರೆ ಕಾಳಿನ ಕಬ್ಬಿಣ ಎರಡು ಮೂರು ಪಟ್ಟು ಹೆಚ್ಚು ಹೀರಿಕೆಯಾಗಬಹುದು. ಹುರುಳಿ ಒಲ್ಲದ ಮಗುವಿಗೆ ಹೆಸರುಕಾಳಿನ ಪೆಸರಟ್ಟಿನಂಥ ದೋಸೆಯಲ್ಲೂ ಕಾಳನ್ನು ಅಡಗಿಸಬಹುದು. ಅಡಗಿಸುವುದರಲ್ಲಿ ನನಗೇನೂ ನಾಚಿಕೆಯಿಲ್ಲ.

ಸೊಪ್ಪು, ಬೆಲ್ಲ, ಮತ್ತು ಕೆಂಪು ಬಣ್ಣದ ಮೋಸ

ಬೀಟ್‌ರೂಟ್ ತಿಂದರೆ ರಕ್ತ ಬರುತ್ತದೆ ಎನ್ನುವುದಕ್ಕೆ ಬಣ್ಣ ಬಿಟ್ಟರೆ ಬೇರೆ ಆಧಾರ ನನಗೆ ಕಾಣಲಿಲ್ಲ. ನೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ದಾಳಿಂಬೆಯಲ್ಲಿ ಇನ್ನೂ ಕಡಿಮೆ, ಬೆಲೆ ಮಾತ್ರ ಎಲ್ಲಕ್ಕಿಂತ ಹೆಚ್ಚು. ಖರ್ಜೂರ ಒಂದರಲ್ಲಿ ಅರ್ಧ ಮಿಲಿಗ್ರಾಂ ಕೂಡ ಬರುವುದಿಲ್ಲ, ಸಕ್ಕರೆ ಧಾರಾಳ. ಬೆಲ್ಲದ ಒಂದು ಚಮಚದಲ್ಲಿ 0.2 ಮಿಲಿಗ್ರಾಂ. ಬೆಲ್ಲದಿಂದ ರಕ್ತ ತುಂಬಿಸಬೇಕೆಂದರೆ ಮೊದಲು ಹಲ್ಲು ಹುಳುಕಾಗುತ್ತವೆ. ಇವುಗಳನ್ನು ರುಚಿಗೆ ಕೊಡಿ, ಮದ್ದೆಂದು ನಂಬಿ ಕೂರಬೇಡಿ.

ಸೊಪ್ಪಿನಲ್ಲಿ ಹರಿವೆ, ನುಗ್ಗೆ, ಮೆಂತ್ಯ ಪಾಲಕ್‌ಗಿಂತ ಮುಂದು. ಪಾಲಕ್‌ನ ಆಕ್ಸಲೇಟ್ ಅದರ ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಅಡ್ಡ. ಆದರೆ ಮಗು ಸೊಪ್ಪು ತಿನ್ನುವುದೇ ಒಂದು ಚಿಟಿಕೆ. ಅದೂ ನಾಲಿಗೆಯ ಮೇಲೆ ಎಲೆ ಅಂಟಿದರೆ ಊಟವೆಲ್ಲ ಮುಗಿದಂತೆ. ಬೇಳೆಯೊಂದಿಗೆ ಬೇಯಿಸಿ ಮಸೆದ ಮಸ್ಸೊಪ್ಪು ಒಂದೇ ನಮ್ಮಲ್ಲಿ ಗೆದ್ದದ್ದು. ಮಾಂಸಕ್ಕೆ ಸೊಪ್ಪು ಬದಲಿ ಎಂದುಕೊಳ್ಳದೆ, ಬೇಳೆಗೆ ಜೊತೆ ಎಂದುಕೊಳ್ಳಿ. ಎಳ್ಳಿನಲ್ಲಿ ಕಬ್ಬಿಣ ಸಾಕಷ್ಟಿದೆ, ಪುಡಿ ಮಾಡಿ ಒಂದು ಚಮಚ ರೊಟ್ಟಿಗೆ ಕಲಸಬಹುದು. ಅವಲಕ್ಕಿಯಲ್ಲಿ ಅನ್ನಕ್ಕಿಂತ ಹಲವು ಪಟ್ಟು ಕಬ್ಬಿಣವಿದೆ. ನಿಂಬೆ ಹಿಂಡಿದ ಮೆತ್ತನೆಯ ಅವಲಕ್ಕಿ ಸಂಜೆಯ ಬಿಸ್ಕತ್ತನ್ನು ಓಡಿಸಲು ನನ್ನ ಆಯುಧ.

ಮೊಟ್ಟೆ, ಮೀನು, ಲಿವರ್: ಮಾಂಸದ ನೆಂಟರು

ಮಾಂಸ ಒಲ್ಲದ ಮಗು ಇವನ್ನೂ ಒಲ್ಲದು ಎಂದೇನಿಲ್ಲ. ಎಷ್ಟೋ ಸಲ ತಕರಾರು ರುಚಿಯದ್ದಲ್ಲ, ನಾರಿನದ್ದು. ಎರಡನೇ ದವಡೆ ಹಲ್ಲು ಬರುವುದೇ ಎರಡು ವರ್ಷದ ಆಚೀಚೆ. ಅದಿಲ್ಲದೆ ಮಟನ್ ಅಗಿಯುವುದು ನಮಗೆ ಚರ್ಮದ ಚಪ್ಪಲಿ ಅಗಿದಂತೆ. ಕೈಮಾವನ್ನು ನುಣ್ಣಗೆ ಅರೆದು ಹೆಸರುಬೇಳೆಗೆ ಒಂದೇ ಚಮಚ ಬೆರೆಸಿ ನೋಡಿ. ಮಾಂಸ, ಮೀನು ಸ್ವಲ್ಪವೇ ಇದ್ದರೂ ಜೊತೆಗಿರುವ ಬೇಳೆಯ ಕಬ್ಬಿಣವನ್ನೂ ಎಳೆದುಕೊಂಡು ಒಳಗೆ ಹೋಗುವ ಗುಣ ಅವಕ್ಕಿದೆ. ಹತ್ತು ಸಲ ಉಗುಳಿದ್ದು ಹನ್ನೊಂದನೆಯ ಸಲ ಒಳಗೆ ಹೋದದ್ದುಂಟು, ಒತ್ತಾಯ ಮಾಡಬಾರದು ಅಷ್ಟೆ.

ಮೊಟ್ಟೆ ಪ್ರೋಟೀನಿಗೆ ಉತ್ತಮ, ಕಬ್ಬಿಣಕ್ಕೆ ಸಾಧಾರಣ. ಒಂದರಲ್ಲಿ ಒಂದು ಮಿಲಿಗ್ರಾಂಗೆ ಸ್ವಲ್ಪ ಕಡಿಮೆ, ಅದನ್ನೂ ಹಳದಿಯಲ್ಲಿರುವ ಒಂದು ಪ್ರೋಟೀನು ಬಿಗಿಯಾಗಿ ಹಿಡಿದಿರುತ್ತದೆ. ಲಿವರ್ ಮೆತ್ತಗಿರುವುದರಿಂದ ಕೆಲವು ಮಕ್ಕಳು ಒಪ್ಪುತ್ತಾರೆ. ಒಪ್ಪಿದರೆ ವಾರಕ್ಕೆ ಒಂದೇ ಸಲ, ಚಿಕ್ಕ ತುಂಡು. ಅದರಲ್ಲಿ ವಿಟಮಿನ್ ಎ ವಿಪರೀತ ಇದೆ. ಸಸ್ಯಾಹಾರಿ ಮನೆಯವರು ಈ ಭಾಗವನ್ನು ದಾಟಿ ಹೋಗಬಹುದು, ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ.

ಡಬ್ಬಿ, ಬಾಣಲೆ, ಪಡಿತರದ ಅಕ್ಕಿ

ಕಬ್ಬಿಣ ಸೇರಿಸಿದ ಧಾನ್ಯದ ಡಬ್ಬಿ ಆಹಾರ ಉಪಯುಕ್ತವೇ, ಆದರೆ ದುಬಾರಿ. ಕೊಳ್ಳುವುದಾದರೆ ಹಿಂಬದಿಯಲ್ಲಿ ಕಬ್ಬಿಣದ ಅಂಕಿಯನ್ನೂ ಸಕ್ಕರೆಯ ಅಂಕಿಯನ್ನೂ ಓದಿ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ ಗೊಜ್ಜಿನಂಥ ಹುಳಿ ಅಡುಗೆ ಮಾಡಿದರೆ ಸ್ವಲ್ಪ ಕಬ್ಬಿಣ ಇಳಿಯುತ್ತದೆ, ಎಷ್ಟೆಂದು ಅಳೆಯಲಾಗದು. ಲಾಭದ ಬಾಬ್ತು, ಲೆಕ್ಕಕ್ಕೆ ಹಿಡಿಯಬೇಡಿ.

ಪಡಿತರದಲ್ಲಿ ಬಂದ ಸಾರವರ್ಧಿತ ಅಕ್ಕಿ ಮನೆಯಲ್ಲಿದ್ದರೆ ಅದನ್ನು ಕಡೆಗಣಿಸಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಅದರ ಒಂದು ಕೆ.ಜಿ.ಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಸೇರಿಸಿರುತ್ತಾರೆ. ಮಗು ತಿನ್ನುವ 40 ಗ್ರಾಂ ಅಕ್ಕಿಯ ಅನ್ನದಲ್ಲಿ 1.1ರಿಂದ 1.7 ಮಿಲಿಗ್ರಾಂ ಆಯಿತು. ನೀರಿನಲ್ಲಿ ತೇಲುವ ಆ ಬೇರೆ ಬಣ್ಣದ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುತ್ತಾರೆ. ಸೇರಿಸಿದ ಕಬ್ಬಿಣ ಇರುವುದು ಅವುಗಳಲ್ಲೇ! ಈ ಅಕ್ಕಿಯನ್ನು ಹೆಚ್ಚು ನೀರಿಟ್ಟು ಗಂಜಿ ಬಸಿಯದೆ, ಅಳತೆಯ ನೀರಿನಲ್ಲಿ ಬೇಯಿಸುವುದು ಒಳ್ಳೆಯದು.

ಸಿರಪ್: ಯಾವಾಗ ಆಹಾರ ಸಾಲದು

ಮೇಲಿನ ಎಲ್ಲವನ್ನೂ ಒಂದು ಒಳ್ಳೆಯ ದಿನ ನಾನು ಕೂಡಿ ನೋಡಿದೆ. ರಾಗಿ ಸರಿ, ಹುರುಳಿ, ಅವಲಕ್ಕಿ, ಮೊಟ್ಟೆ, ಮಸ್ಸೊಪ್ಪು ಎಲ್ಲ ಸೇರಿ ಐದು ಮಿಲಿಗ್ರಾಂ ಹತ್ತಿರ ಬಂತು. ಕೆಟ್ಟ ದಿನ ಎರಡು. ದಿನಕ್ಕೆ ಬೇಕಾದ ಎಂಟು ಮುಟ್ಟಿದ್ದು ನೆನಪಿಲ್ಲ. ಇದು ತಾಯಂದಿರ ಸೋಲಲ್ಲ, ಚಿಕ್ಕ ಹೊಟ್ಟೆಯ ಲೆಕ್ಕ. ಅದಕ್ಕೇ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಸಿರಪ್ ಇದೆ. ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದಿನಕ್ಕೆ ಹಂಚಿದರೆ ಐದೂವರೆ ಮಿಲಿಗ್ರಾಂ ಮೀರುತ್ತದೆ. ಆಶಾ ಕಾರ್ಯಕರ್ತೆ ತಂದುಕೊಟ್ಟ ಆ ಬಾಟಲಿ ನಮ್ಮ ಫ್ರಿಜ್ಜಿನ ಮೇಲೆ ಮುಚ್ಚಳ ತೆರೆಯದೆ ಐದು ತಿಂಗಳು ಕುಳಿತಿತ್ತು. ಹಲ್ಲು ಕಪ್ಪಾಗುತ್ತದೆ ಎಂದು ಯಾರೋ ಹೇಳಿದ್ದರು.

ಇದು ತಡೆಯುವ ಪ್ರಮಾಣ. ಹಿಮೋಗ್ಲೋಬಿನ್ ಆಗಲೇ ಇಳಿದಿದ್ದರೆ ಚಿಕಿತ್ಸೆಯ ಪ್ರಮಾಣ ಬೇರೆ. ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 3 ಮಿಲಿಗ್ರಾಂ, ವೈದ್ಯರು ಬರೆದಂತೆ. ಅಂಥ ಮಗುವಿಗೆ ರಾಗಿ-ಹುರುಳಿಯಿಂದಲೇ ಸರಿಮಾಡುತ್ತೇನೆಂದು ತಿಂಗಳು ಕಳೆಯಬಾರದು. ಮೆದುಳು ವೇಗವಾಗಿ ಬೆಳೆಯುವ ವಯಸ್ಸು ಅದು, ಅದಕ್ಕೂ ಕಬ್ಬಿಣ ಬೇಕು. ಬಿಳಿಚಿದ ರೆಪ್ಪೆ, ಸದಾ ಕಿರಿಕಿರಿ, ಗೋಡೆಯ ಸುಣ್ಣ, ಮಣ್ಣು, ಬಳಪ ನೆಕ್ಕುವ ಚಟ ಕಂಡರೆ ಮೊದಲು ಪರೀಕ್ಷೆ, ಆಮೇಲೆ ಅಡುಗೆ.

ಕುಡಿಸುವಾಗ ಹಾಲಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಡ್ರಾಪರನ್ನು ಕೆನ್ನೆಯ ಒಳಗೆ ಹಿಂದಕ್ಕೆ ಇಟ್ಟು ಹಿಂಡಿ, ಮೇಲೆ ಎರಡು ಗುಟುಕು ಕಿತ್ತಳೆ ರಸ. ಹಲ್ಲಿನ ಕಲೆ ತಾತ್ಕಾಲಿಕ, ಮಲ ಕಪ್ಪಾಗುವುದು ಸಹಜ. ಜ್ವರ, ಭೇದಿ ಇರುವ ದಿನ ತಡೆಯುವ ಸಿರಪ್ಪನ್ನು ನಿಲ್ಲಿಸಿ, ವಾಸಿಯಾದ ಮೇಲೆ ಮುಂದುವರಿಸಿ.

ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಿ. ಪ್ರತಿ ಕೆ.ಜಿ. ತೂಕಕ್ಕೆ 20 ಮಿಲಿಗ್ರಾಂ ಕಬ್ಬಿಣ ಒಂದೇ ಸಲ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಶುರುವಾಗಬಹುದು. 60 ದಾಟಿದರೆ ಜೀವಕ್ಕೇ ಅಪಾಯ. ಹತ್ತು ಕೆ.ಜಿ. ಮಗುವಿಗೆ ಆ 600 ಮಿಲಿಗ್ರಾಂ ಎಂದರೆ ಸರ್ಕಾರಿ ಬಾಟಲಿಯ 30 ಮಿಲಿಲೀಟರ್, ಅಥವಾ ತಾಯಿಗೆ ಕೊಟ್ಟ ಕೆಂಪು ಮಾತ್ರೆ ಹತ್ತು. ಬಾಣಂತನದ ಆ ಮಾತ್ರೆಗಳು ಮಿಠಾಯಿಯಂತೆ ಹೊಳೆಯುತ್ತವೆ, ಹೆಚ್ಚಿನ ಮನೆಗಳಲ್ಲಿ ಕೈಗೆಟಕುವಲ್ಲೇ ಇರುತ್ತವೆ. ನಮ್ಮಲ್ಲಿ ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿದ್ದವು. ಬೀಗವಿರುವ ಕಪಾಟಿಗೆ ಹೋಗಲಿ. ಮಗು ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಯಾರಿಗೆ ಯಾವುದು

ಹಿಮೋಗ್ಲೋಬಿನ್ ಸರಿಯಿದೆ, ಮಾಂಸ ಮಾತ್ರ ಒಲ್ಲದು ಎಂದಾದರೆ ಹಾಲಿಗೆ ಮಿತಿ, ದಿನಕ್ಕೆರಡು ಸಲ ಕಾಳು ಅಥವಾ ಬೇಳೆ, ಪ್ರತಿ ಊಟಕ್ಕೆ ನಿಂಬೆ, ಸೀಬೆಯಂಥ ಒಂದು ಹಣ್ಣು, ವಾರಕ್ಕೆರಡು ಸಲ ಸರ್ಕಾರಿ ಸಿರಪ್. ಹಾಲನ್ನೇ ಊಟ ಮಾಡಿಕೊಂಡ ಮಗುವಿಗೆ ಮೊದಲ ಎರಡು ವಾರ ಬೇರೇನೂ ಬದಲಿಸದೆ ಹಾಲನ್ನಷ್ಟೇ ಇಳಿಸಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ವೈದ್ಯರ ಸಿರಪ್ ಮುಖ್ಯ, ಅಡುಗೆ ಅದರ ಬೆನ್ನಿಗೆ. ಒಂದು ವರ್ಷ ದಾಟಿದ ಮಗುವಿಗೆ ಅಂಗನವಾಡಿಯಲ್ಲಿ ವರ್ಷಕ್ಕೆರಡು ಬಾರಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಕೊಕ್ಕೆಹುಳು ಕರುಳಿನಲ್ಲಿ ಕುಳಿತು ರಕ್ತ ಕುಡಿಯುತ್ತಿದ್ದರೆ ಎಷ್ಟು ಹುರುಳಿ ಬೇಯಿಸಿ ಏನು ಬಂತು?

ಚಿಕಿತ್ಸೆ ಶುರುವಾದ ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟಾದರೂ ಏರಬೇಕು. ಏರದಿದ್ದರೆ ಸಿರಪ್ ನಿಜವಾಗಿ ಹೊಟ್ಟೆ ಸೇರುತ್ತಿದೆಯೇ ಎಂದು ನೋಡಿಕೊಂಡು, ಕೊರತೆ ಕಬ್ಬಿಣದ್ದೋ, ಬಿ12ನದೋ, ಥಲಸ್ಸೀಮಿಯಾದಂಥ ಹುಟ್ಟಿನ ಕಾರಣವೋ ಎಂದು ವೈದ್ಯರು ಹುಡುಕಬೇಕು. ತಾವಾಗಿಯೇ ಪ್ರಮಾಣ ಹೆಚ್ಚಿಸುವುದು ಬೇಡ. ನಮ್ಮವಳಿಗೆ ತಿಂಗಳಿಗೆ 10.7 ಬಂತು. ಮಟ್ಟ ಸರಿಯಾದ ಮೇಲೂ ದೇಹದ ಉಗ್ರಾಣ ತುಂಬಲೆಂದು ಎರಡು ಮೂರು ತಿಂಗಳು ಮುಂದುವರಿಸಬೇಕಿತ್ತು, ಮುಂದುವರಿಸಿದೆವು. ಈಗ ಅವಳಿಗೆ ಮೂರು. ಭಾನುವಾರದ ಕೋಳಿ ಸಾರಿನಲ್ಲಿ ಮುದ್ದೆ ಅದ್ದಿ ತಿನ್ನುತ್ತಾಳೆ, ತುಂಡನ್ನು ಅಜ್ಜಿಯ ತಟ್ಟೆಗೆ ಎತ್ತಿ ಹಾಕುತ್ತಾಳೆ.